ಹವಳಕ್ಕೆ ಕಡಲ ನೀರು

ಸಮುದ್ರದ ಹವಳವೆಲ್ಲ ಸತ್ತ ಮೇಲೆ, ಬದುಕುಳಿದ ತುಂಡುಗಳನ್ನು ಸಾಕಲು ಸರ್ಕಾರದವರು ಕರಾವಳಿಯ ಮನೆಮನೆಗೂ ಉಪ್ಪುನೀರಿನ ಒಂದೊಂದು ಗಾಜಿನ ತೊಟ್ಟಿ ಕೊಟ್ಟಿದ್ದರು. ಮಾದೇವಿಯ ಪಾಲಿಗೆ ಬಂದದ್ದು ನೇರಳೆ ಹವಳ. ಆ ಬಣ್ಣದ್ದು ಬೇರೆಲ್ಲೂ ಉಳಿದಿರಲಿಲ್ಲ. ತೊಟ್ಟಿಯಲ್ಲಿ ಆರಿದಷ್ಟು ನೀರನ್ನು ಯಂತ್ರ ಪಕ್ಕದ ಕ್ಯಾನಿನಿಂದ ತಾನೇ ತುಂಬುತ್ತಿತ್ತು. ಕ್ಯಾನು ಬರಿದಾಗದಂತೆ ನೋಡಿಕೊಳ್ಳುವುದಷ್ಟೇ ಅವಳ ಕೆಲಸ.

ಈ ಸಲ ಸರ್ಕಾರದ ಕಡೆಯಿಂದ ತಪಾಸಣೆಗೆ ಬಂದ ನಸ್ರೀನ್ ತೊಟ್ಟಿಯೊಳಗೆ ಬಗ್ಗಿ ನೋಡಿದಳು. ಹವಳ ಸತ್ತು ಸುಣ್ಣದಂತೆ ಬೆಳ್ಳಗಾಗಿತ್ತು.

"ಮಾದೇವಕ್ಕಾ, ಕ್ಯಾನಿಗೆ ಯಾವ ನೀರು ಹಾಕ್ತಿದ್ರಿ?"

"ಸಿಹಿನೀರೇ ಹಾಕಿ ಅಂದಿದ್ರಿ. ನನಗೇ ಮನಸ್ಸು ತಡೀಲಿಲ್ಲ. ಕಡಲಲ್ಲಿ ಹುಟ್ಟಿದ್ದಲ್ವಾ, ತವರಿನ ನೀರು ಸಿಗ್ಲಿ ಅಂತ ದಿನಾ ಒಂದು ಕೊಡ ಹೊತ್ತು ತಂದೆ."

"ಆರಿ ಹೋಗೋದು ನೀರು ಮಾತ್ರ ಅಕ್ಕಾ. ಉಪ್ಪು ಒಳಗೇ..."

ನಸ್ರೀನ್ ಮಾತು ಮುಗಿಸಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ. ಮೂವತ್ತು ವರ್ಷ ಉಪ್ಪಿನ ಆಗರದಲ್ಲಿ ಕಡಲ ನೀರು ಕಟ್ಟಿ, ಬಿಸಿಲಿಗೆ ಆರಿಸಿ, ಉಪ್ಪು ಎಳೆದವಳು ಮಾದೇವಿ.

ನಸ್ರೀನ್ ಹೋದ ಮೇಲೆ ಅವಳು ಗಾಜಿನ ಅಂಚಿಗೆ ಕಟ್ಟಿದ್ದ ಬಿಳಿ ಹರಳನ್ನು ಉಗುರಿನಿಂದ ಕೆರೆದು, ಹಳೇ ಅಭ್ಯಾಸದಂತೆ ನಾಲಿಗೆಗೆ ಇಟ್ಟುಕೊಂಡಳು. ಒಳ್ಳೇ ಉಪ್ಪೇ ಆಗಿತ್ತು.