ಓಮದ ಔಷಧಿಗೆ ಹೋದ ಎಮ್ಮೆ

ಅಪ್ಪನ ಕುಡಿತ ಬಿಡಿಸಲು ನಮ್ಮ ಕರೆಯುವ ಎಮ್ಮೆಯನ್ನೇ ಕೊಟ್ಟೆವು. ಚಟ ಹಳೆಯದು, ಔಷಧಿ ಅಗ್ಗಕ್ಕೆ ಸಿಗದು ಎಂದಿದ್ದ ತೀರ್ಥಹಳ್ಳಿಯ ನಾಟಿವೈದ್ಯ. ಓಮದ ವಾಸನೆ ಬಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನ ಅಮ್ಮ ಕೂಗುವ ಮೊದಲೇ ಅಪ್ಪ ಲೋಟ ಹಿಡಿದು ಔಷಧಿಗೆ ಬಂದ.

"ಎಷ್ಟು ನಿಯತ್ತಾಗಿ ಕುಡೀತಾನೆ ನೋಡೇ," ಎಂದು ಅಜ್ಜಿ ಹಿಗ್ಗಿದಳು.

ಅಮ್ಮನಿಗೆ ಅನುಮಾನ ಬಂತು. ಒಂದು ಚಮಚ ಔಷಧಿ ಒಲೆಗೆ ಸುರಿದಳು. ಭಗ್ಗನೆ ಉರಿ ಎದ್ದಿತು.

"ಅತ್ತೆ, ಇದು ಓಮ ಹಾಕಿದ ಸಾರಾಯಿ!"

ಬಾಟಲಿ ಹಿಡಿದು, ನನ್ನನ್ನೂ ಎಳೆದುಕೊಂಡು ಅಮ್ಮ ಬಸ್ಸು ಹತ್ತಿದಳು. ವೈದ್ಯ ನಕ್ಕ. "ರೋಗಿ ಕುಡೀಬೇಕಲ್ಲಮ್ಮಾ?"

"ಹಂಗಾದ್ರೆ ನಮ್ಮನೆ ಎಮ್ಮೆ ಕೊಡಿ, ಹಾಲು ಕುಡೀಲಿ!"

ಕೊಡಲಿಲ್ಲ. ಅವನ ಹಿತ್ತಲಲ್ಲಿ ಅದು ನಮ್ಮ ದನಿ ಕೇಳಿ ಕೂಗುತ್ತಿತ್ತು.

ಕುಡಿತ ಬಿಡಿಸುತ್ತೇವೆ ಎನ್ನುವವರು ಸಿಕ್ಕರೆ, ಬಿಟ್ಟವನೊಬ್ಬನ ಮನೆ ತೋರಿಸಿ ಎನ್ನಿ. ಅಲ್ಲಿ ಅವನನ್ನಲ್ಲ, ಅವನ ಹೆಂಡತಿಯನ್ನು ಕೇಳಿ.