ಪೂವಮ್ಮನ ಅಳತೆಕೋಲು

“ಗಿಡ್ಡ ನಳಿಗೆಯದ್ದು ಹೆಂಗಸರಿಗಾಯ್ತು ಗೌಡ್ರೇ. ನಿಮ್ಮ ಕೈಗೆ ಉದ್ದದ್ದೇ ಲಾಯಕ್ಕು!” ಎಂದು ಪುತ್ತೂರಿನ ಕೋವಿ ಅಂಗಡಿಯ ಕಾಮತರು ನಕ್ಕಾಗ, ಬೆಳ್ಯಪ್ಪ ಕೈಯಲ್ಲಿದ್ದ ಕೋಲನ್ನು ಮೆಲ್ಲಗೆ ಬಾಗಿಲ ಸಂದಿಗೆ ಸರಿಸಿದ. ಮೇಜಿನ ಮೇಲೆ ಪಿಸ್ತೂಲಿಗೆ ಹಾಕುವ ಗುಂಡನ್ನೇ ತುಂಬಿ, ಹಿಡಿಯ ಕೆಳಗಿನ ಸನ್ನೆ ಎಳೆದು ಹೊಡೆಯುವ ಒಂದೇ ಜಾತಿಯ ಎರಡು ಕೋವಿಗಳಿದ್ದವು, ಒಂದು ಗಿಡ್ಡ, ಒಂದು ಉದ್ದ. ಕೋಲು ಹೆಂಡತಿ ಪೂವಮ್ಮ ಕಡಿದುಕೊಟ್ಟ ಅಳತೆ. “ಕೋವಿ ಇದಕ್ಕಿಂತ ಉದ್ದ ಬೇಡ. ಮುಳ್ಳಿನ ಬಲ್ಲೆಯಲ್ಲಿ ತಿರುಗಿಸ್ಲಿಕ್ಕೆ ಆಗುದಿಲ್ಲ, ಅಷ್ಟರಲ್ಲಿ ಹಂದಿ ಮೈಮೇಲೆ ಬರ್ತದೆ,” ಎಂದಿದ್ದಳು. ಅವನ ಕಣ್ಣಿಗೆ ಪೊರೆ ಬಂದಂದಿನಿಂದ ಲೈಸೆನ್ಸು ಮಾತ್ರ ಅವನದ್ದು. ಗದ್ದೆ ಕಾದು ಗುಂಡು ಹೊಡೆಯುವವಳು ಅವಳೇ.

“ಹೊಡೆಯುದು ನೀವೇ ಅಲ್ವಾ?” ಕಾಮತರು ಕೇಳಿದರು.

ಅಂಗಡಿಯ ಜಗಲಿಯಲ್ಲಿ ಕೂತ ಹೆಂಡತಿಗೆ ಕೇಳಿಸುತ್ತದೆಂದು ಗೊತ್ತಿದ್ದೂ ಬೆಳ್ಯಪ್ಪ ತಾಳಮದ್ದಳೆಯ ಅರ್ಥಧಾರಿಯಂತೆ ಗಂಟಲು ಸರಿಮಾಡಿಕೊಂಡ. “ಮತ್ತೆ ಯಾರು ಮಾರಾಯ್ರೆ? ಉದ್ದದ್ದೇ ಕೊಡಿ.”

ಕೋವಿ ಹಿಡಿದು ಹೊರಬಂದಾಗ ಕಾಮತರೂ ಹಿಂದೆಯೇ ಬಂದರು. “ಗೌಡ್ರೇ, ನಿಮ್ಮ ಕೋಲು ಬಿಟ್ಟಿರಿ!”

ಪೂವಮ್ಮ ಎದ್ದು ಅದನ್ನು ತೆಗೆದುಕೊಂಡು ಹೊಸ ಕೋವಿಯ ಪಕ್ಕಕ್ಕೆ ಹಿಡಿದಳು. ನಳಿಗೆ ಒಂದು ಗೇಣು ಮೇಲೆ ಚಾಚಿತ್ತು. ಬೆಳ್ಯಪ್ಪ ತಲೆ ತಗ್ಗಿಸಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕೋವಿಯನ್ನು ಅವನ ಕೈಯಿಂದ ಬಿಡಿಸಿ ತನ್ನ ಹೆಗಲಿಗೇರಿಸಿದಳು, ಕೋಲನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಆಮೇಲೆ ಕಾಮತರಿಗೆ ಕೇಳಿಸದ ಹಾಗೆ, ಬಾಯಿ ಅವನ ಕಿವಿಯ ಹತ್ತಿರ ತಂದು ಹೇಳಿದಳು:

“ಊರಿಕೊಂಡು ಇಳೀರಿ. ಇಲ್ಲಿ ಮೆಟ್ಟಿಲು ಉಂಟು.”