ರವೆ ಹಚ್ಚಿದ ಬಂಗುಡೆ

ರವೆ ಹಚ್ಚಿದ ಬಂಗುಡೆ ಮೀನು ಎಣ್ಣೆಯಲ್ಲಿ ಹುರಿಯುವ ವಾಸನೆ ಬಂದರೆ ಈಗಲೂ ನನ್ನ ಬೆನ್ನು ಸೆಟೆದುಕೊಳ್ಳುತ್ತದೆ.

ಗೋಧಿ, ಮೈದಾ, ರವೆ ನನಗೆ ವಿಷ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಚಪಾತಿ, ಬ್ರೆಡ್ಡು, ಉಪ್ಪಿಟ್ಟು ಎಲ್ಲ ನಿಂತಿತ್ತು. ನನ್ನ ಭೇದಿ ಮಾತ್ರ ನಿಂತಿರಲಿಲ್ಲ. ಆ ಮಧ್ಯಾಹ್ನ ಬೋಟಿನಿಂದ ಬಂದ ಅಪ್ಪ ನನ್ನ ಕಡ್ಡಿಯಂಥ ಕಾಲು ನೋಡಿದ್ದೇ, ಮೂಲೆಯಲ್ಲಿದ್ದ ಬಲೆಯ ಹಗ್ಗ ಎತ್ತಿಕೊಂಡ.

"ಉರ್ವದ ಹೋಟೆಲಲ್ಲಿ ಕದ್ದು ಬನ್ಸ್ ತಿಂತಿ ಅಲ್ವಾ? ಎಂತ ತಿಂದದ್ದು, ಹೇಳು!"

"ಎಂತದೂ ತಿನ್ಲಿಲ್ಲ ಅಪ್ಪ."

ಉಪ್ಪು ಹಿಡಿದು ಒರಟಾಗಿದ್ದ ಹಗ್ಗ ಬೆನ್ನಿನ ಚರ್ಮ ಸುಲಿಯಿತು. ಸುಲಿದಲ್ಲಿ ಅದೇ ಉಪ್ಪು ಉರಿಯಿತು. ಅಡ್ಡ ಬಂದ ಅಮ್ಮನ ಮುಖಕ್ಕೂ ಏಟು ಬಿದ್ದು ತುಟಿ ಒಡೆಯಿತು. ತಾಳಲಾರದೆ ನಾನು, "ತಿಂದೆ, ದಿನಾ ತಿಂದೆ" ಎಂದು ಕಿರುಚಿದೆ.

ಅಪ್ಪ ಹಗ್ಗ ಎಸೆದು ನೆಲಕ್ಕೆ ಕುಸಿದ. "ನೀನು ಸತ್ರೆ ನಾನೆಂತ ಮಾಡುದು ಮಾರಾಯ?" ಎಂದು ಹಣೆ ಚಚ್ಚಿಕೊಂಡ.

ಅಜ್ಜಿ ದಿನದಂತೆ ಕಾವಲಿಯಿಂದ ಬಿಸಿ ಬಂಗುಡೆ ತಂದು ಮುಂದಿಟ್ಟಳು. "ಅಳಬೇಡ ಮಗಾ. ಮೀನು ತಿಂದ್ರೆ ಎಂತದೂ ಆಗುದಿಲ್ಲ."

ಅಪ್ಪ ತನ್ನ ಪಾಲಿನ ಮೀನಿನ ಮೇಲಿದ್ದ ಗರಿಗರಿ ರವೆಯನ್ನೂ ಕೆರೆದು ನನ್ನ ಬಾಯಿಗಿಟ್ಟ.